ಟೊಳ್ಳೊಡಲಿನ ಗಿಟಾರು

ಕಳೆದ ಮಾಘಮಾಸದ ಒಂದು ಭಾನುವಾರ ಅಪರಾಹ್ಣ, ಬಸವನಗುಡಿಯ ಹಳೆಯ ಬೀದಿಯೊಂದರಲ್ಲಿ, ಕೆಂಪು ಗಾರೆಯ ನೆಲದ ನಡುಮನೆಯೊಂದರಲ್ಲಿ ಕುಳಿತು, ಉನ್ನತ ವ್ಯಾಸಂಗಕ್ಕೆಂದು ವಿದೇಶಕ್ಕೆ ಹೊರಟಿದ್ದ ತರುಣನೊಬ್ಬನು ಮಾರಲು ತೆಗೆದಿಟ್ಟಿದ್ದ ಗಿಟಾರನ್ನು ನಾನು ಮಡಿಲಿಗೆ ತೆಗೆದುಕೊಂಡೆನು. ಪಿಟೀಲಿನಂತೆ ನಡುವೆ ಉಬ್ಬಿ ಅಂಚಿಗೆ ಇಳಿದಿದ್ದ ಮುಖ, ಅದರ ಎರಡು ಪಾರ್ಶ್ವಗಳಲ್ಲಿ ಇಂಗ್ಲಿಷಿನ ಎಫ್ ಅಕ್ಷರವನ್ನು ಹೋಲುವ ನೀಳವಾದ ಎರಡು ರಂಧ್ರಗಳು, ಮಧ್ಯದಲ್ಲಿ ಜೇನಿನಂತೆ ತಿಳಿಯಾಗಿದ್ದು ಅಂಚಿನಲ್ಲಿ ಕಾಫಿಯ ಕಷಾಯದಂತೆ ಗಾಢವಾಗುವ ಬಣ್ಣ. ಇಷ್ಟು ದೊಡ್ಡ ಒಡಲಿಗೆ ಇಷ್ಟು ಕಡಮೆ ತೂಕವೇ ಎಂದು ಅಚ್ಚರಿಗೊಳಿಸುವಷ್ಟು ಹಗುರ. ತಂತಿಗಳನ್ನು ಒತ್ತದೆ ಮೀಟಿದಾಗ ಹೊರಟ ಧ್ವನಿ ಮಧುರವಾಗಿಯೇ ಇದ್ದಿತು. ಆದರೆ ಕೈ ಮೇಲುಮೇಲಿನ ಮೆಟ್ಟಿಲುಗಳಿಗೆ ಸರಿದ ಹಾಗೆಲ್ಲ ಸ್ವರಗಳು ಒಂದರೊಡನೊಂದು ಹೊಂದದೆ ಕಿವಿಗೆ ಚುಚ್ಚತೊಡಗಿದುವು.

"ಎಷ್ಟು ಟ್ಯೂನ್ ಮಾಡಿದ್ರೂ ಹೀಗೇ ಸರ್. ತಂತಿ ಎರಡು ಸಲ ಪೂರ್ತಿ ತೆಗೆದು ಹೊಸದು ಹಾಕಿದೆ. ಕಡಿಮೆ ಬೆಲೇದಲ್ವಾ, ಇಷ್ಟೇ ಅನ್ಕೊಂಡೆ," ಎಂದು ತರುಣನು ಸಂಕೋಚದಿಂದ ಹೇಳಿದನು.

ಆತನ ಮಾತಿನಲ್ಲಿಯೇ ರೋಗದ ಮೂಲವೂ ಅಡಗಿದ್ದಿತು. ತಂತಿಗಳನ್ನು ಹೊತ್ತು ನಿಂತಿದ್ದ ಮರದ ಬ್ರಿಡ್ಜಿನ ಹಿಂದೆ, ಅರ್ಧ ಬೆರಳಿನಷ್ಟು ದೂರದಲ್ಲಿ, ವಾರ್ನಿಷಿನ ಮೇಲೆ ಎರಡು ಪುಟ್ಟ ಪಾದಗಳ ಮಾಸಲು ಗುರುತು ಉಳಿದಿರುವುದನ್ನು ನಾನು ಕಂಡೆನು. ಈ ಜಾತಿಯ ಗಿಟಾರಿನಲ್ಲಿ ಬ್ರಿಡ್ಜನ್ನು ಅಂಟಿನಿಂದಾಗಲಿ ಮೊಳೆಯಿಂದಾಗಲಿ ಬಿಗಿದಿರುವುದಿಲ್ಲ. ತಂತಿಗಳ ಒತ್ತಡವೊಂದೇ ಅದನ್ನು ನೆಲೆಗೊಳಿಸಿರುವುದು. ಎಲ್ಲ ತಂತಿಗಳನ್ನೂ ಒಮ್ಮೆಗೇ ತೆಗೆದಾಗ ಅದು ಸರಿದುಹೋಗಿ, ಮರಳಿ ಇಡುವಾಗ ತಪ್ಪಿದ ಜಾಗದಲ್ಲಿ ಕುಳಿತಿದ್ದಿತು. ಸಾಲದುದಕ್ಕೆ ಅದರ ಮೇಲ್ತುಂಡು ಹಿಂದುಮುಂದಾಗಿದ್ದಿತು. ದೋಷವು ವಾದ್ಯದ್ದಲ್ಲವೆಂದೂ, ಒಂದು ಸಂಜೆಯ ಕೆಲಸದಿಂದ ಇದು ಸರಿಹೋಗುವುದೆಂದೂ, ಬೇಕಾದರೆ ಮಾರದೆ ಇಟ್ಟುಕೊಳ್ಳಬಹುದೆಂದೂ ನಾನು ಆತನಿಗೆ ತಿಳಿಸಿದೆನು. ಆತನು ಕೆಲವು ಕ್ಷಣ ಅದನ್ನೇ ನೋಡುತ್ತಿದ್ದು, "ಹೇಗೂ ತಗೊಂಡು ಹೋಗೋಕಾಗಲ್ಲ ಸರ್. ನುಡಿಸೋರ ಮನೇಲಿ ಇರ್ಲಿ," ಎಂದನು. ಆತನು ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟು ಗಿಟಾರನ್ನು ಮನೆಗೆ ತಂದೆನು.

ಅಗ್ಗದ ವಾದ್ಯವನ್ನು ಕೊಂಡವರಲ್ಲಿ ಬಹುಮಂದಿ ಈ ತರುಣನಂತೆಯೇ ಭಾವಿಸುತ್ತಾರೆ: ಬೆಲೆ ಕಡಮೆಯಾದುದರಿಂದ ನಾದವೂ ಕಡಮೆಯಾಗಿರಬೇಕೆಂದು. ಆದರೆ ಇಂದಿನ ಕಾರ್ಖಾನೆಗಳಲ್ಲಿ ಮರವನ್ನು ಕೊರೆಯುವುದು ಗಣಕದ ಆಣತಿಯಂತೆ ನಡೆಯುವ ಯಂತ್ರ; ಆ ಯಂತ್ರದ ಕೈ ದುಬಾರಿ ಗಿಟಾರಿಗೂ ಅಗ್ಗದ ಗಿಟಾರಿಗೂ ಬಹುಮಟ್ಟಿಗೆ ಒಂದೇ ನಿಖರತೆಯಿಂದ ದುಡಿಯುವುದು. ಅಗ್ಗದ ವಾದ್ಯದಲ್ಲಿ ಉಳಿತಾಯವಾಗಿರುವುದು ಮುಖ್ಯವಾಗಿ ಮನುಷ್ಯನ ಗಂಟೆಗಳು. ಯಂತ್ರವು ಮುಗಿಸಿದ ಮೇಲೆ ಒಬ್ಬ ಅನುಭವಿಯು ಕಿವಿಯಿಟ್ಟು, ಕಣ್ಣಿಟ್ಟು, ಅರವನ್ನೂ ತಿರುಪುಳಿಯನ್ನೂ ಹಿಡಿದು ಮಾಡಬೇಕಾಗಿದ್ದ ಕೊನೆಯ ಕೆಲಸ. ಆ ಗಂಟೆಗಳನ್ನು ಕೊಂಡವನೇ ತನ್ನ ಕೈಯಿಂದ ತುಂಬಿಕೊಡಬಲ್ಲನಾದರೆ, ಅಲ್ಪ ಮೌಲ್ಯದ ವಾದ್ಯವು ಪೂರ್ಣವಾಗುವುದಷ್ಟೇ ಅಲ್ಲ, ಅದನ್ನು ಪೂರ್ಣಗೊಳಿಸಿದವನಿಗೆ ಅದರ ಒಂದೊಂದು ಅಂಗವೂ ಪರಿಚಿತವಾಗುವುದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಪ್ಲೈವುಡ್ಡಿನ ವಂಶಾವಳಿ

ಉಬ್ಬುಮುಖದ ಗಿಟಾರಿನ ಕಥೆ ಅಮೆರಿಕದ ಮಿಷಿಗನ್ ಪ್ರಾಂತದ ಕಲಮಜೂ ಎಂಬ ಊರಿನಲ್ಲಿ ಬೇರೂರಿದೆ. ಆರ್ವಿಲ್ ಗಿಬ್ಸನ್ ಎಂಬ ಕುಶಲಕರ್ಮಿಯು ಪಿಟೀಲಿನ ಮುಖವನ್ನು ಕೆತ್ತುವಂತೆಯೇ ಮ್ಯಾಂಡೊಲಿನ್ನಿನ ಮತ್ತು ಗಿಟಾರಿನ ಮುಖಗಳನ್ನು ಕೆತ್ತುವ ಪದ್ಧತಿಯನ್ನು ಅಲ್ಲಿ ಆರಂಭಿಸಿದನು; ಅವನ ಹೆಸರಿನ ಸಂಸ್ಥೆ 1902ರಲ್ಲಿ ಸ್ಥಾಪಿತವಾಯಿತು. ಆ ಸಂಸ್ಥೆಯಲ್ಲಿದ್ದ ಲಾಯ್ಡ್ ಲೋರ್ ಎಂಬ ಸಂಗೀತಜ್ಞನ ಕಾಲದಲ್ಲಿ, 1922ರಲ್ಲಿ, ಎಲ್-5 ಎಂಬ ಗಿಟಾರು ಹೊರಬಂದಿತು. ದುಂಡು ರಂಧ್ರದ ಸ್ಥಾನದಲ್ಲಿ ಪಿಟೀಲಿನ ಎಫ್ ರಂಧ್ರಗಳು ಗಿಟಾರಿಗೆ ಬಂದುದು ಅದರೊಡನೆ. ಹಿತ್ತಾಳೆಯ ತುತ್ತೂರಿಗಳೂ ಸ್ಯಾಕ್ಸೊಫೋನುಗಳೂ ಮೊರೆಯುವ ನೃತ್ಯವಾದ್ಯಗೋಷ್ಠಿಗಳಲ್ಲಿ ಗಿಟಾರಿನ ಧ್ವನಿಯೂ ಕೇಳಿಸಬೇಕೆಂಬುದು ಆ ಪ್ರಯತ್ನದ ಉದ್ದೇಶವಾಗಿದ್ದಿತು. ಆದರೆ ಎಷ್ಟು ಕುಶಲತೆಯಿಂದ ಕೆತ್ತಿದರೂ ಮರವೊಂದೇ ಅಷ್ಟು ವಾದ್ಯಗಳೊಡನೆ ಸೆಣಸಲಾರದೆ ಹೋಯಿತು. 1936ರಲ್ಲಿ ಅದೇ ಸಂಸ್ಥೆಯು ತಂತಿಗಳ ಕೆಳಗೆ ಅಯಸ್ಕಾಂತದ ಪಿಕಪ್ಪನ್ನು ಅಳವಡಿಸಿ ಇಎಸ್-150 ಎಂಬ ವಿದ್ಯುತ್ ಗಿಟಾರನ್ನು ಹೊರತಂದಿತು.

ಆ ಗಿಟಾರನ್ನು ಹಿಡಿದು, 1939ರಲ್ಲಿ ಬೆನ್ನಿ ಗುಡ್‌ಮನ್ನರ ವಾದ್ಯಗೋಷ್ಠಿಯನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್, ಹಿಂಬದಿಯಲ್ಲಿ ಕುಳಿತು ತಾಳವನ್ನು ಮಾತ್ರ ಹಿಡಿಯುತ್ತಿದ್ದ ಗಿಟಾರನ್ನು ಸಭೆಯ ಮುಂದೆ ಮಾತನಾಡತಕ್ಕ ವಾದ್ಯವನ್ನಾಗಿ ಮಾಡಿದನು. 1942ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಕ್ಷಯಕ್ಕೆ ತುತ್ತಾದನು. ಎರಡೂವರೆ ವರ್ಷಗಳೂ ತುಂಬದ ಆ ಪ್ರಕಾಶದಲ್ಲಿ ಆತನು ತೋರಿಸಿದ ಮಾರ್ಗವು ಸಮುದ್ರಗಳನ್ನು ದಾಟಿತು. ಬೆಂಗಳೂರಿನಲ್ಲಿ ಜನಿಸಿ ಕೋಲ್ಕತ್ತದಲ್ಲಿ ನೆಲೆಸಿದ ಕಾರ್ಲ್‌ಟನ್ ಕಿಟ್ಟೊ, 2016ರಲ್ಲಿ ಕಣ್ಮುಚ್ಚುವವರೆಗೂ, ಕೇಳುವವರು ವಿರಳವಾದ ದಿನಗಳಲ್ಲಿಯೂ ಆ ಮಾರ್ಗವನ್ನು ಬಿಡದೆ ನಡೆದು, ಶಿಷ್ಯರಿಗೆ ಅದನ್ನು ಹೇಳಿಕೊಟ್ಟರೆಂಬುದನ್ನು ನಮ್ಮ ಊರಿನವರು ಅಭಿಮಾನದಿಂದ ನೆನೆಯತಕ್ಕುದು.

ಈ ವಂಶಾವಳಿಯಲ್ಲಿ ಅಗ್ಗದ ಗಿಟಾರನ್ನು ಕೊಳ್ಳುವವನಿಗೆ ಅತ್ಯಂತ ಮುಖ್ಯವಾದ ವರ್ಷ 1949. ಆ ವರ್ಷ ಬಂದ ಇಎಸ್-175ರ ಮುಖವು ಘನವಾದ ಸ್ಪ್ರೂಸ್ ಹಲಗೆಯಿಂದ ಕೆತ್ತಿದುದಲ್ಲ. ಮೇಪಲ್ ಮೊದಲಾದ ಮರಗಳ ತೆಳುವಾದ ಪದರಗಳನ್ನು ಅಂಟಿನಿಂದ ಕೂಡಿಸಿ, ಅಚ್ಚಿನಲ್ಲಿ ಒತ್ತಿ ಉಬ್ಬಿಸಿದುದು. ನಮ್ಮ ಬಡಗಿಗಳ ಭಾಷೆಯಲ್ಲಿ ಹೇಳುವುದಾದರೆ ಪ್ಲೈವುಡ್. ಕೆತ್ತನೆಯ ಶ್ರಮವು ಉಳಿದುದರಿಂದ ಬೆಲೆ ಇಳಿಯಿತು. ಆಗಿನ ಬೆಲೆ 175 ಡಾಲರು, ಮಾದರಿಯ ಹೆಸರಿನಲ್ಲಿರುವ ಅಂಕೆಯೂ ಅದೇ. ಆದರೆ ಬೆಲೆಗೆಂದು ಮಾಡಿದ ಈ ಉಪಾಯದಿಂದ ನಾದಕ್ಕೂ ಒಂದು ಲಾಭವುಂಟಾಯಿತು. ಕೆತ್ತಿದ ತೆಳುಮುಖವು ಸ್ಪೀಕರಿನ ಶಬ್ದಕ್ಕೆ ಬೇಗ ಅದುರಿ ಊಳಿಡುವುದು. ಪದರಗಳ ಮುಖವು ಅಷ್ಟು ಸುಲಭವಾಗಿ ಅದುರದು. ಅದರ ಸ್ವರವು ಮೀಟಿದೊಡನೆಯೇ ದುಂಡಗೆ ಎದ್ದು, ಹೆಚ್ಚು ಕಾಲ ಚಾಚದೆ, ಮುಂದಿನ ಸ್ವರಕ್ಕೆ ಎಡೆಮಾಡಿಕೊಟ್ಟು ಹಿಂಜರಿಯುವುದು. ತ್ವರಿತವಾದ ಸ್ವರಪಂಕ್ತಿಗಳಿಂದ ಹೆಣೆದ ಜಾಜ್ ಸಂಗೀತಕ್ಕೆ ಈ ಗುಣವು ಅನುಕೂಲವಾಯಿತು. ಜೋ ಪಾಸ್, ಜಿಮ್ ಹಾಲ್, ಪ್ಯಾಟ್ ಮೆಥೀನಿ, ಇವರೆಲ್ಲರೂ ಈ ಪದರದ ಒಡಲಿನಿಂದಲೇ ನಾದವನ್ನು ಹೊರಡಿಸಿದವರು. ಜಿಮ್ ಹಾಲ್ ಅಂತೂ ತಮ್ಮ ಇಎಸ್-175 ಅನ್ನು ಹೊಸದಾಗಿ ಕೊಂಡವರಲ್ಲ, ಹೋವರ್ಡ್ ರಾಬರ್ಟ್ಸ್ ಎಂಬ ಮತ್ತೊಬ್ಬ ವಾದಕರ ಕೈಯಿಂದ ಪಡೆದವರು. 1961ರಲ್ಲಿ ಎಪಿಫೋನ್ ಹೆಸರಿನಲ್ಲಿ ಬಂದು, ಮುಂದೆ ಬೀಟಲ್ಸ್ ತಂಡದವರು ಮೆಚ್ಚಿ ನುಡಿಸಿದ ಕಸಿನೊ ಎಂಬ ತೆಳುವಾದ ಟೊಳ್ಳು ಗಿಟಾರಿನ ಒಡಲೂ ಪದರಗಳದೇ.

ಹೀಗಿರಲಾಗಿ, ಜಪಾನಿನ ನಗೋಯಾದ ಹೋಶಿನೋ ಸಂಸ್ಥೆಯು 2002ರಲ್ಲಿ ಇಬನೆಜ್ ಹೆಸರಿನಡಿಯಲ್ಲಿ ಆರ್ಟ್‌ಕೋರ್ ಎಂಬ ಮಾಲಿಕೆಯನ್ನು ಆರಂಭಿಸಿ, ಚೀನಾದಲ್ಲಿ ಮಾಡಿಸಿದ ಟೊಳ್ಳು ಗಿಟಾರುಗಳನ್ನು ಮಧ್ಯಮವರ್ಗದವರ ಕೈಗೆಟಕುವ ಬೆಲೆಗೆ ತಂದುದಾಗಲಿ, ಎಪಿಫೋನ್ ಮತ್ತು ಗ್ರೆಚ್ ಸಂಸ್ಥೆಗಳು ಏಷ್ಯಾದ ಕಾರ್ಖಾನೆಗಳಲ್ಲಿ ತಮ್ಮ ಅಗ್ಗದ ಮಾದರಿಗಳನ್ನು ಮಾಡಿಸಿದುದಾಗಲಿ, ಪರಂಪರೆಗೆ ಹೊರಗಾದ ಕಾರ್ಯವಲ್ಲ. ಪ್ಲೈವುಡ್ಡಿನ ಗಿಟಾರನ್ನು ಕೊಳ್ಳುವವನು ಉತ್ತಮವಾದುದರ ಅನುಕರಣವನ್ನು ಕೊಳ್ಳುತ್ತಿದ್ದೇನೆಂದು ಕುಗ್ಗಬೇಕಾಗಿಲ್ಲ. ಆ ನಾದವು ಹುಟ್ಟಿದುದೇ ಪ್ಲೈವುಡ್ಡಿನಲ್ಲಿ.

ಕೊಳ್ಳುವ ಮುನ್ನ

ಎಫ್ ರಂಧ್ರಗಳಿದ್ದ ಮಾತ್ರಕ್ಕೆ ಗಿಟಾರು ಪೂರ್ತಿ ಟೊಳ್ಳೆಂದು ತಿಳಿಯಲಾಗದು. 1958ರಲ್ಲಿ ಬಂದ ಇಎಸ್-335 ಮತ್ತು ಅದರ ಸಂತತಿಯ ಒಡಲಿನ ನಡುವೆ, ಕುತ್ತಿಗೆಯಿಂದ ಬುಡದವರೆಗೆ, ಗಟ್ಟಿಮರದ ದಿಮ್ಮಿಯೊಂದು ಹಾದುಹೋಗಿರುವುದು; ಅದನ್ನು ಅರೆಟೊಳ್ಳೆಂದು ಕರೆಯಬಹುದು. ದೊಡ್ಡ ಧ್ವನಿಯಲ್ಲಿ ನುಡಿಸುವವರಿಗೆ ಅದು ತಕ್ಕುದು. ಮನೆಯಲ್ಲಿ, ಸಣ್ಣ ಬೈಠಕ್ಕಿನಲ್ಲಿ, ಮರದ ಉಸಿರನ್ನು ಎದೆಗೆ ಸೋಕಿಸಿಕೊಂಡು ನುಡಿಸಬೇಕೆನ್ನುವವರು ಪೂರ್ಣ ಟೊಳ್ಳನ್ನೇ ಆರಿಸಬೇಕು. ರಂಧ್ರದೊಳಗೆ ಸಣ್ಣ ದೀಪದ ಬೆಳಕನ್ನು ಹಾಯಿಸಿದರೆ ದಿಮ್ಮಿಯುಂಟೋ ಇಲ್ಲವೋ ಎಂಬುದು ಕ್ಷಣದಲ್ಲಿ ಕಾಣುವುದು.

ವಾದ್ಯವನ್ನು ಪರೀಕ್ಷಿಸುವಾಗ ಮೊದಲು ಆಂಪ್ಲಿಫೈಯರಿಗೆ ಜೋಡಿಸದೆಯೇ ನುಡಿಸಬೇಕು. ವಿದ್ಯುತ್ತು ಮುಚ್ಚಿಹಾಕುವ ನ್ಯೂನತೆಗಳನ್ನು ಬರಿಯ ಮರವು ಮರೆಮಾಚದು. ತಲೆಯ ಕಡೆಯಿಂದ ಕುತ್ತಿಗೆಯುದ್ದಕ್ಕೂ ಕಣ್ಣು ಹಾಯಿಸಿ, ಬಡಗಿಯು ಹಲಗೆಯ ಅಂಚನ್ನು ನೋಡುವ ಹಾಗೆ, ತಿರುಚಿಕೊಂಡಿದೆಯೇ ಎಂದು ನೋಡಬೇಕು. ಸ್ವಲ್ಪ ಬಾಗಿದ ಕುತ್ತಿಗೆಯನ್ನು ತಿದ್ದಬಹುದು. ತಿರುಚಿದ ಕುತ್ತಿಗೆಯನ್ನು ತಿದ್ದುವುದು ಬಹು ಕಷ್ಟ. ಬ್ರಿಡ್ಜಿನ ಕೆಳಗೆ ಉಬ್ಬುಮುಖವು ತಗ್ಗಿದೆಯೇ, ಕುತ್ತಿಗೆಯು ಒಡಲನ್ನು ಸೇರುವೆಡೆ ಬಿರುಕುಂಟೇ, ಮುಖವನ್ನು ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ ಒಳಗಿನ ಆಧಾರಪಟ್ಟಿ ಸಡಿಲವಾಗಿ ಗಲಗಲ ಎನ್ನುವುದೇ, ಇವು ಮೂರೂ ಕೊಳ್ಳುವುದನ್ನು ಕೈಬಿಡಲು ಸಾಕಾದ ಕಾರಣಗಳು. ಅದಕ್ಕೆ ಪ್ರತಿಯಾಗಿ, ತಂತಿಗಳು ಎತ್ತರವಾಗಿರುವುದು, ಸ್ವರ ಹೊಂದದಿರುವುದು, ಫ್ರೆಟ್ಟುಗಳೆಂಬ ಮೆಟ್ಟಿಲುಗಳ ತುದಿ ಅಂಗೈಗೆ ತರಚುವುದು, ವಾಲ್ಯೂಮಿನ ತಿರುಪು ಕರಕರ ಎನ್ನುವುದು, ಇವು ನೋಡಲು ದೊಡ್ಡ ದೋಷಗಳಾಗಿ ಕಂಡರೂ ತಿದ್ದಲು ಬರುವಂಥವು. ಬಲ್ಲವನಿಗೆ ಇವೇ ಬೆಲೆ ಇಳಿಯಲು ಕಾರಣವಾಗುವುದೂ ಉಂಟು. ಹಳೆಯ ಗಿಟಾರನ್ನು ಕೊಳ್ಳುವವರು ದೋಷಗಳ ಈ ಎರಡು ವರ್ಗಗಳನ್ನು ಮನಸ್ಸಿನಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡಿದ್ದರೆ ಮೋಸಹೋಗಲಾರರು.

ಕುದುರೆಯ ನೆಲೆ

ನಮ್ಮ ಮನೆಯಲ್ಲಿ ಅಜ್ಜಿಯ ವೀಣೆಯೊಂದಿದ್ದಿತು. ಅದರ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಕೂರಿಸಿದ ಮೇಣವು ಬೇಸಗೆಗೆ ಮೆದುವಾಗಿ ಸ್ವರ ತಪ್ಪಿದಾಗ, ಮೇಳ ಕಟ್ಟುವವರು ಬಂದು, ಮಸಿ ಬೆರೆಸಿದ ಮೇಣವನ್ನು ಕಾಯಿಸಿ, ತಂತಿಯನ್ನು ಮೀಟುತ್ತ, ಕೇಳುತ್ತ, ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತ, ಒಂದೊಂದೇ ಮೆಟ್ಟಿಲಿಗೆ ಸ್ಥಾನವನ್ನು ಗೊತ್ತುಮಾಡುವರು. ನಾವು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ವೀಣೆಯಲ್ಲಿ ಕುದುರೆಯು ಸ್ಥಿರ, ಮೆಟ್ಟಿಲುಗಳು ಸರಿಯುವುವು. ಟೊಳ್ಳು ಗಿಟಾರಿನಲ್ಲಿ ಮೆಟ್ಟಿಲುಗಳು, ಎಂದರೆ ಫ್ರೆಟ್ಟುಗಳು, ಸ್ಥಿರ; ಕುದುರೆಯಾದ ಬ್ರಿಡ್ಜು ಸರಿಯುವುದು. ಕ್ರಮವು ವಿಪರೀತವಾದರೂ ಬೇಕಾದ ತಾಳ್ಮೆ ಒಂದೇ.

ಗಿಟಾರನ್ನು ಅಣಿಗೊಳಿಸುವುದಕ್ಕೆ ಒಂದು ಅನುಕ್ರಮವುಂಟು. ಅದನ್ನು ತಪ್ಪಿಸಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುವುದು. ಮೊದಲನೆಯದು ತಂತಿ. ಇಂತಹ ಅಗ್ಗದ ಗಿಟಾರುಗಳಲ್ಲಿ ಅನೇಕವು ಅಂಗಡಿಗೆ ಬರುವಾಗ, ಗಟ್ಟಿಮರದ ಗಿಟಾರುಗಳಿಗೆ ಹಾಕುವ, ಮೊದಲ ತಂತಿ ಅಂಗುಲದ ಸಾವಿರದಲ್ಲಿ 10 ಭಾಗ ದಪ್ಪವಿರುವ ತೆಳುವಾದ ತಂತಿಗಳನ್ನೇ ಹೊತ್ತು ಬರುವುವು. ಉಬ್ಬುಮುಖವನ್ನು ಮಿಡಿಸಲು ಆ ತಂತಿಗಳ ಒತ್ತಡ ಸಾಲದು. ನಾನು 12ರಿಂದ 52ರವರೆಗಿನ ಜೊತೆಯನ್ನು ಹಾಕಿದೆನು. ಅದೂ ದುಂಡು ಸರಿಗೆಯನ್ನು ಸುತ್ತಿದುದಲ್ಲ, ಚಪ್ಪಟೆಯಾದ ಪಟ್ಟಿಯನ್ನು ಸುತ್ತಿದ ಫ್ಲಾಟ್‌ವೂಂಡ್ ತಂತಿ. ಬೆರಳು ಜಾರುವಾಗ ಕಿರುಗುಟ್ಟದೆ, ಸ್ವರದ ಮೊನೆಯನ್ನು ಮೃದುಗೊಳಿಸಿ, ಹಳೆಯ ಧ್ವನಿಮುದ್ರಿಕೆಗಳಲ್ಲಿ ಕೇಳಿದ ಆ ಗಂಭೀರವಾದ ಕಂಠವನ್ನು ಕೊಡುವಂತಹುದು. ಹೊಸಬರ ಬೆರಳಿಗೆ 11ರ ಜೊತೆ ಹಿತವಾಗಿರುವುದು. ಯಾವುದಾದರೂ ಸರಿಯೆ, ಹಳೆಯದೊಂದನ್ನು ತೆಗೆದು ಹೊಸದೊಂದನ್ನು ಬಿಗಿದ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು. ಬ್ರಿಡ್ಜಿನ ಪಾದಗಳ ಸುತ್ತ ಮೆದುವಾದ ಅಂಟುಪಟ್ಟಿಯಿಂದ ಗುರುತು ಮಾಡಿಕೊಂಡಿರುವುದು ಇನ್ನೂ ಕ್ಷೇಮ.

ಎರಡನೆಯದು ಕುತ್ತಿಗೆ. ಅದರೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳೊಂದು ಹುದುಗಿರುವುದು. ತಂತಿಗಳ ಎಳೆತಕ್ಕೆ ಅದು ಪ್ರತಿಯಾದ ಬಲ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ, ಕುತ್ತಿಗೆ ಒಡಲನ್ನು ಸೇರುವ ಫ್ರೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿಹಿಡಿದರೆ, ನಡುವಣ ಏಳನೆಯ ಫ್ರೆಟ್ಟಿನ ಮೇಲೆ ಸುಮಾರು 0.2 ಮಿಲಿಮೀಟರಿನಷ್ಟು, ಎಂದರೆ ಒಂದು ದಪ್ಪ ಕಾಗದವು ನುಸುಳುವಷ್ಟು, ಎಡೆ ಉಳಿಯಬೇಕು. ಹೆಚ್ಚಿದ್ದರೆ ಸರಳಿನ ತಲೆಯ ತಿರುಪನ್ನು ಬಲಕ್ಕೆ, ಕಡಮೆಯಿದ್ದರೆ ಎಡಕ್ಕೆ, ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಮರಕ್ಕೆ ಒಗ್ಗಿಕೊಳ್ಳಲು ಅವಕಾಶವನ್ನು ಕೊಡಬೇಕು. ತಿರುಪು ಬಲವಂತವನ್ನು ಬೇಡಿದಲ್ಲಿ ಕೈಯನ್ನು ಹಿಂತೆಗೆದು ಬಲ್ಲವರಲ್ಲಿಗೆ ಒಯ್ಯುವುದೇ ವಿವೇಕ.

ಮೂರನೆಯದು ತಂತಿಯ ಎತ್ತರ. ಬ್ರಿಡ್ಜಿನ ಎರಡು ಕಡೆಗಳಲ್ಲಿರುವ ಪುಟ್ಟ ಚಕ್ರಗಳನ್ನು ತಿರುಗಿಸಿ, ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಯು ಸುಮಾರು 2 ಮಿಲಿಮೀಟರು, ತೆಳು ತಂತಿಯು 1.5 ಮಿಲಿಮೀಟರು ಎತ್ತರದಲ್ಲಿರುವಂತೆ ಮಾಡಿದೆನು. ಇದಾದ ಮೇಲೆ ತಲೆಯ ಬಳಿ ತಂತಿಗಳನ್ನು ಹೊರುವ ನಟ್ ಎಂಬ ಪುಟ್ಟ ಪಟ್ಟಿ. ಅಗ್ಗದ ಗಿಟಾರುಗಳಲ್ಲಿ ನಟ್ಟಿನ ತೋಡುಗಳನ್ನು ಸಾಕಷ್ಟು ಆಳಕ್ಕೆ ಅರೆಯದೆ ಬಿಡುವುದು ಸಾಮಾನ್ಯ. ಆದಕಾರಣವೇ ಮೊದಲ ಫ್ರೆಟ್ಟಿನಲ್ಲಿ ಒತ್ತಿದ ಸ್ವರಗಳು ಏರಿ, ಬೆರಳಿಗೂ ನೋವಾಗುವುದು. ತಂತಿಯನ್ನು ಎರಡು ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿದರೆ ಮೊದಲನೆಯದರ ಮೇಲೆ ಕೂದಲಿನಷ್ಟು ಎಡೆ ಮಾತ್ರ ಉಳಿಯಬೇಕು. ಈ ಕೆಲಸಕ್ಕೆ ತಂತಿಯ ದಪ್ಪಕ್ಕೆ ಸರಿಯಾದ ಅರಗಳು ಬೇಕು. ಒಂದು ಉಜ್ಜು ಹೆಚ್ಚಾದರೆ ತಂತಿ ಫ್ರೆಟ್ಟಿಗೆ ತಗುಲಿ ಝೇಂಕರಿಸುವುದು. ಇದೊಂದನ್ನು ನಾನು ಗಿಟಾರು ರಿಪೇರಿಯ ಕುಶಲಿಯೊಬ್ಬರ ಕೈಯಲ್ಲಿ ಮಾಡಿಸಿದೆನು. ಅವರು ಕೊನೆಯಲ್ಲಿ ಪೆನ್ಸಿಲಿನ ಸೀಸದ ಪುಡಿಯನ್ನು ತೋಡುಗಳಿಗೆ ಸವರಿ, ತಂತಿ ಅಂಟಿಕೊಳ್ಳದೆ ಜಾರುವಂತೆ ಮಾಡಿಕೊಟ್ಟರು.

ಇಷ್ಟಾದ ಮೇಲೆಯೇ ಕುದುರೆಯ ನೆಲೆ. ತಂತಿಯ ಪೂರ್ಣ ಉದ್ದವು ಈ ಗಿಟಾರಿನಲ್ಲಿ 628 ಮಿಲಿಮೀಟರು. ನಟ್ಟಿನಿಂದ ಹನ್ನೆರಡನೆಯ ಫ್ರೆಟ್ಟಿಗೆ ಅದರ ಅರ್ಧ, 314. ಗಣಿತದಂತೆ ಬ್ರಿಡ್ಜು ಅಲ್ಲಿಂದ ಮತ್ತೆ 314ರಲ್ಲಿ ಇರಬೇಕು. ಆದರೆ ಬೆರಳು ತಂತಿಯನ್ನು ಫ್ರೆಟ್ಟಿಗೆ ಒತ್ತುವಾಗ ತಂತಿಯು ತುಸು ಹಿಗ್ಗಿ ಸ್ವರವು ಏರುವುದು. ಈ ಏರಿಕೆಯನ್ನು ತೂಗಿಸಲು ಬ್ರಿಡ್ಜನ್ನು ಎರಡು ಮೂರು ಮಿಲಿಮೀಟರು ಹಿಂದಕ್ಕೆ, ದಪ್ಪ ತಂತಿಯ ಕಡೆ ಇನ್ನಷ್ಟು ಹಿಂದಕ್ಕೆ, ಇಡಬೇಕಾಗುವುದು. ಬ್ರಿಡ್ಜಿನ ಮೇಲ್ತುಂಡನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದಿರುವುದು ಈ ಕಾರಣದಿಂದಲೇ; ಅದು ಹಿಂದುಮುಂದಾದರೆ ಉಪಕಾರವೇ ಅಪಕಾರವಾಗುವುದು. ಪರೀಕ್ಷೆ ಸರಳ: ಹನ್ನೆರಡನೆಯ ಫ್ರೆಟ್ಟಿನ ನೇರದಲ್ಲಿ ತಂತಿಯನ್ನು ಒತ್ತದೆ ಬೆರಳನ್ನು ಸೋಕಿಸಿ ಮೀಟಿದರೆ ಗಂಟೆಯಂತಹ ಸ್ವರವೊಂದು ಹೊರಡುವುದು, ಅದೇ ಸ್ಥಳದಲ್ಲಿ ಒತ್ತಿ ಮೀಟಿದ ಸ್ವರವೂ ಅದೂ ಒಂದೇ ಆಗಿರಬೇಕು. ಒತ್ತಿದ ಸ್ವರವು ಹೆಚ್ಚಿದ್ದರೆ ಬ್ರಿಡ್ಜು ಹಿಂದಕ್ಕೆ, ತಗ್ಗಿದ್ದರೆ ಮುಂದಕ್ಕೆ. ತರುಣನ ಕೈಯಲ್ಲಿ ಆರು ಮಿಲಿಮೀಟರು ಮುಂದೆ ಸರಿದಿದ್ದ ಬ್ರಿಡ್ಜು ಹನ್ನೆರಡನೆಯ ಫ್ರೆಟ್ಟಿನ ಸ್ವರವನ್ನು ಅರೆಸ್ವರದ ಸುಮಾರು ಆರರಲ್ಲೊಂದು ಪಾಲಿನಷ್ಟು ಏರಿಸಿದ್ದಿತು. ಆರು ಮಿಲಿಮೀಟರು ಕಣ್ಣಿಗೆ ಏನೂ ಅಲ್ಲ. ಕಿವಿಗೆ ಅದು ಒಂದು ವಾದ್ಯವನ್ನು ಮಾರಿಬಿಡುವಷ್ಟು ದೊಡ್ಡದು.

ಪಾದಗಳನ್ನು ಅವುಗಳ ಹಳೆಯ ಗುರುತಿಗೆ ಮರಳಿ ತರುವ ಮುನ್ನ ಇನ್ನೊಂದನ್ನು ಗಮನಿಸಿದೆನು. ಸಪಾಟಾದ ಪಾದವು ಉಬ್ಬಿದ ಮುಖದ ಮೇಲೆ ಪೂರ್ತಿಯಾಗಿ ಊರಿಕೊಳ್ಳದೆ, ಅಂಚಿನಲ್ಲಿ ಬೆಳಕು ಇಣುಕುತ್ತಿದ್ದಿತು. ತಂತಿಯ ಮಿಡಿತವು ಮರಕ್ಕೆ ಇಳಿಯಬೇಕಾದ ದಾರಿಯೇ ಇದು. ಇಲ್ಲಿ ಎಡೆಯಿದ್ದರೆ ನಾದವು ಅಲ್ಲಿಯೇ ಸೋರಿಹೋಗುವುದು. ತಂತಿಗಳನ್ನು ಸಡಿಲಿಸಿ, ಮುಖದ ಮೇಲೆ ಉಪ್ಪುಕಾಗದವನ್ನು ಒರಟು ಬದಿ ಮೇಲಾಗುವಂತೆ ಹಾಸಿ, ಪಾದಗಳನ್ನು ಅದರ ಮೇಲಿಟ್ಟು ಮೃದುವಾಗಿ ಹಿಂದೆಮುಂದೆ ಉಜ್ಜಿದೆನು. ಒಂದು ಗಂಟೆಯ ಉಜ್ಜಾಟದ ಬಳಿಕ ಪಾದವು ಮುಖದ ಉಬ್ಬನ್ನೇ ತನ್ನ ತಗ್ಗಾಗಿ ಮಾಡಿಕೊಂಡು ಕುಳಿತಿತು. ಶ್ರುತಿ ಸೇರಿಸಿ ಮೀಟಿದಾಗ, ಆಂಪ್ಲಿಫೈಯರಿನ ಹಂಗಿಲ್ಲದೆ, ಬರಿಯ ಮರದಿಂದ ಎದ್ದ ಆ ಧ್ವನಿಯನ್ನು ಕೇಳಿ, ಒಳಗಿನ ಕೋಣೆಯಲ್ಲಿದ್ದ ಮನೆಯವರು ಬಾಗಿಲಿಗೆ ಬಂದು ನಿಂತರು.

ರಂಧ್ರದ ಮೂಲಕ

ವಿದ್ಯುತ್ತಿನ ಭಾಗದಲ್ಲಿ ಹೇಳಬೇಕಾದುದು ಕಡಮೆ. ಆದರೆ ಅಷ್ಟಂತೂ ಅಗತ್ಯ. ಈ ಗಿಟಾರಿನ ಪಿಕಪ್ಪುಗಳು ಹಂಬಕರ್ ಜಾತಿಯವು. ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬ ತಂತ್ರಜ್ಞನು 1955ರಲ್ಲಿ ರೂಪಿಸಿದ ಉಪಾಯ. ವಿರುದ್ಧ ಧ್ರುವಗಳ ಎರಡು ಸುರುಳಿಗಳನ್ನು ಜೊತೆಗೂಡಿಸಿದಾಗ, ಮನೆಯ ವಿದ್ಯುತ್ತಿನಿಂದ ಬರುವ ಗುಂಯ್ಗುಡುವಿಕೆಯನ್ನು ಒಂದು ಸುರುಳಿ ಕೂಡಿದರೆ ಇನ್ನೊಂದು ಕಳೆಯುವುದು; ತಂತಿಯ ಸ್ವರ ಮಾತ್ರ ಉಳಿಯುವುದು. ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿಹಿಡಿದು, ಪಿಕಪ್ಪು ತಂತಿಯಿಂದ ಎರಡು ಮೂರು ಮಿಲಿಮೀಟರು ಕೆಳಗಿರುವಂತೆ ತಿರುಪುಗಳನ್ನು ಹೊಂದಿಸಿದರೆ ಸಾಕು. ಬ್ರಿಡ್ಜು ಮರದ್ದಾದುದರಿಂದ ಭೂಸಂಪರ್ಕದ ತಂತಿಯು ಟೇಲ್‌ಪೀಸ್ ಎಂಬ ಹಿಂಬದಿಯ ಲೋಹದ ಪಟ್ಟಿಗೆ ತಲುಪಿದೆಯೇ ಎಂಬುದನ್ನೂ, ಆಂಪ್ಲಿಫೈಯರನ್ನು ಅರ್ತಿಂಗ್ ಇರುವ ಮೂರು ರಂಧ್ರದ ಪ್ಲಗ್ ಪಾಯಿಂಟಿಗೇ ಜೋಡಿಸಿದೆಯೇ ಎಂಬುದನ್ನೂ ಪರೀಕ್ಷಿಸದೆ ತಂತಿಗಳನ್ನು ಮುಟ್ಟಬಾರದು. ಇದು ಜೀವದ ಮಾತು.

ವಾಲ್ಯೂಮಿನ ತಿರುಪು ಕರಕರ ಎನ್ನುತ್ತಿದ್ದುದರಿಂದ ಎಸ್.ಪಿ. ರಸ್ತೆಯಿಂದ 500 ಕಿಲೊ ಓಮಿನ, ಪಾಟ್ ಎಂದು ಕರೆಯುವ ಹೊಸ ತಿರುಪೊಂದನ್ನು ತಂದೆನು. ಗಟ್ಟಿಮರದ ಗಿಟಾರಾದರೆ ಹಿಂದಿನ ಮುಚ್ಚಳವನ್ನು ತೆಗೆದು ಹತ್ತು ನಿಮಿಷಗಳಲ್ಲಿ ಬದಲಾಯಿಸಬಹುದು. ಟೊಳ್ಳು ಗಿಟಾರಿಗೆ ಮುಚ್ಚಳವೆಂಬುದಿಲ್ಲ. ಒಳಹೊಗಲಿಕ್ಕೂ ಹೊರಬರಲಿಕ್ಕೂ ಎಫ್ ರಂಧ್ರವೊಂದೇ ದಾರಿ. ತಿರುಪಿನ ಕಡ್ಡಿಗೆ ಉದ್ದನೆಯ ನೂಲನ್ನು ಕಟ್ಟಿ ಒಳಗೆ ಇಳಿಬಿಟ್ಟು, ರಂಧ್ರದಿಂದ ಹೊರಗೆಳೆದು, ಬೆಸುಗೆ ಹಾಕಿ, ಅದೇ ನೂಲನ್ನು ಹಿಡಿದು ಮರಳಿ ಸ್ವಸ್ಥಾನಕ್ಕೆ ತರಬೇಕು. ಬಾವಿಗೆ ಬಿದ್ದ ಬಿಂದಿಗೆಯನ್ನು ಪಾತಾಳಗರಡಿಯಿಂದ ಎತ್ತಿದವರಿಗೆ ಈ ಕೆಲಸದ ಸ್ವರೂಪವು ತಿಳಿಯುವುದು: ಕಣ್ಣಿಗೆ ಕಾಣದುದನ್ನು ಹಗ್ಗದ ತುದಿಯ ಮಿಡಿತದಿಂದಲೇ ಅರಿಯಬೇಕು.

ಟೊಳ್ಳು ಗಿಟಾರಿನ ಸಹಜವಾದ ಇನ್ನೊಂದು ಗುಣ ಊಳಾಟ. ಸ್ಪೀಕರಿನಿಂದ ಹೊರಟ ಶಬ್ದವು ಮುಖವನ್ನು ಅದುರಿಸಿ, ಆ ಅದುರು ತಂತಿಗೆ ತಾಗಿ, ಪಿಕಪ್ಪಿನ ಮೂಲಕ ಮತ್ತೆ ಸ್ಪೀಕರನ್ನು ಸೇರಿ, ಸುತ್ತು ಸುತ್ತಿಗೂ ಹಿಗ್ಗುತ್ತ ಕಡೆಗೆ ಆರ್ತನಾದವಾಗುವುದು. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ರಂಧ್ರಗಳಲ್ಲಿ ಬಟ್ಟೆಯನ್ನು ತುರುಕಿ ಇದನ್ನು ನಿವಾರಿಸುತ್ತಿದ್ದರು. 1980ರಲ್ಲಿ ಅವರ ಹೆಸರಿನಲ್ಲಿ ಬಂದ ಗಿಟಾರಿಗೆ ರಂಧ್ರಗಳನ್ನೇ ಇಡಲಿಲ್ಲ. ಮನೆಯ ಮಟ್ಟಕ್ಕೆ ಇಷ್ಟು ಬೇಡ. ಹದಿನೈದು ಇಪ್ಪತ್ತು ವ್ಯಾಟಿನ ಆಂಪ್ಲಿಫೈಯರನ್ನು ಎದುರಿಗಿಡದೆ ಪಕ್ಕಕ್ಕಿಟ್ಟು, ಮಂದ್ರದ ಗುಂಡಿಯನ್ನು ತುಸು ಇಳಿಸಿ, ಕುತ್ತಿಗೆಯ ಬಳಿಯ ಪಿಕಪ್ಪನ್ನೇ ಆರಿಸಿ, ಟೋನನ್ನು ಅರ್ಧಕ್ಕೆ ತಗ್ಗಿಸಿದರೆ, ಊಳು ಅಡಗಿ ದುಂಡಾದ ಸ್ವರವು ಉಳಿಯುವುದು.

ಮತ್ತಿಯ ಹಲಗೆ

ಈ ಗಿಟಾರಿನ ವಿವರಪತ್ರದಲ್ಲಿ ಬೆರಳಹಲಗೆಯ ಮರವನ್ನು ಇಂಡಿಯನ್ ಲಾರೆಲ್ ಎಂದು ಬರೆದಿದ್ದಿತು. ಬೆರಳಹಲಗೆಗೆ ಬಹುಕಾಲ ರೂಢಿಯಲ್ಲಿದ್ದುದು ರೋಸ್‌ವುಡ್. ಬ್ರೆಜಿಲಿನ ರೋಸ್‌ವುಡ್ಡಿನ ಅಂತರರಾಷ್ಟ್ರೀಯ ವ್ಯಾಪಾರವು 1992ರಲ್ಲಿ ನಿಷಿದ್ಧವಾದ ಮೇಲೆ ನಮ್ಮ ಬೀಟೆಯ ಮೇಲೆ ಭಾರವು ಇನ್ನೂ ಹೆಚ್ಚಿತು. 2017ರಲ್ಲಿ ಬೀಟೆಯ ಕುಲದ ಎಲ್ಲ ಮರಗಳನ್ನೂ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಡಿಸಿದಾಗ ಗಿಟಾರು ಮಾಡುವವರು ಬೇರೆ ಮರಗಳನ್ನು ಅರಸಿದರು. ಸಿದ್ಧವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆತರೂ, ಆ ನಡುವೆ ಅಗ್ಗದ ಗಿಟಾರುಗಳ ಕುತ್ತಿಗೆಯನ್ನೇರಿದ ಲಾರೆಲ್ ಅಲ್ಲಿಯೇ ಉಳಿಯಿತು. ಹೆಸರು ಪರಕೀಯವಾಗಿ ಕೇಳಿಸಿದರೂ ಮರವು ನಮಗೆ ಪರಿಚಿತವಾದುದೇ. ಮಲೆನಾಡಿನ ಕಾಡಿನಲ್ಲಿ, ಮೊಸಳೆಯ ಚರ್ಮದಂತೆ ಸೀಳುಸೀಳಾದ ಕಪ್ಪು ತೊಗಟೆಯನ್ನು ಹೊದ್ದು ನಿಲ್ಲುವ ಮತ್ತಿ ಅದು. ಬೇಸಗೆಯಲ್ಲಿ ತನ್ನ ಕಾಂಡದೊಳಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಮರವೆಂದು ಕಾಡನ್ನು ಬಲ್ಲವರು ಅದನ್ನು ಗುರುತಿಸುವರು. ಅಮೆರಿಕದಲ್ಲಿ ಹುಟ್ಟಿದ ಆಕಾರ, ಜಪಾನಿನ ಮತ್ತು ಚೀನದ ಯಂತ್ರಗಳ ಯುಗದಲ್ಲಿ ಇಳಿದ ಬೆಲೆ, ಮತ್ತಿಯ ಹಲಗೆ. ಅಗ್ಗದ ಗಿಟಾರೆಂದು ಬದಿಗಿಡುವ ವಸ್ತುವಿನಲ್ಲಿ ಇಷ್ಟು ದೇಶಗಳ ಕೈಗಳೂ ಇಷ್ಟು ಕಾಡುಗಳ ಮರಗಳೂ ಕೂಡಿರುವುವು.

ಜ್ಯೇಷ್ಠದಲ್ಲಿ ಮಳೆ ಹಿಡಿದು ಗಾಳಿಯಲ್ಲಿ ತೇವವೇರಿದ ಮೇಲೆ, ಒಂದು ಸಂಜೆ ನುಡಿಸಲು ಕುಳಿತಾಗ, ಬೆರಳುಗಳಿಗೆ ತಂತಿಯು ಎಂದಿಗಿಂತ ತುಸು ಮೇಲಿರುವಂತೆ ತೋರಿತು. ಅಳೆದು ನೋಡಿದರೆ ನಿಜ: ಮರವು ತೇವವನ್ನು ಕುಡಿದು ಮುಖವು ಉಬ್ಬಿ, ಕುತ್ತಿಗೆಯು ಎಳೆಯಷ್ಟು ಮುಂಬಾಗಿ, ದಪ್ಪ ತಂತಿಯು ಮಾಘದಲ್ಲಿ ಇಟ್ಟ ಅಳತೆಯನ್ನು ಮೀರಿದ್ದಿತು. ಟ್ರಸ್ ರಾಡಿಗೆ ಕಾಲು ಸುತ್ತು, ಬ್ರಿಡ್ಜಿನ ಚಕ್ರಕ್ಕೆ ಅರ್ಧ ಸುತ್ತು, ಹನ್ನೆರಡನೆಯ ಫ್ರೆಟ್ಟಿನಲ್ಲಿ ಗಂಟೆಯ ಸ್ವರವನ್ನೂ ಒತ್ತಿದ ಸ್ವರವನ್ನೂ ಮತ್ತೆ ಹೋಲಿಸಿ ನೋಡಿದೆನು, ಎರಡೂ ಒಂದಾಗಿದ್ದುವು. ಮುಂದಿನ ಮಾಘಕ್ಕೆ ಗಾಳಿ ಒಣಗಿದಾಗ ಇದೇ ಸುತ್ತನ್ನು ಹಿಂದಕ್ಕೆ ತಿರುಗಿಸಬೇಕಾಗುವುದು. ಅಜ್ಜಿಯ ವೀಣೆಗೆ ಮೇಳ ಕಟ್ಟುವವರು ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದುದು ಏತಕ್ಕೆಂಬುದು ನನಗೆ ಆ ಸಂಜೆ ಪೂರ್ತಿಯಾಗಿ ತಿಳಿಯಿತು. ತಿರುಪುಳಿಯನ್ನು ಪೆಟ್ಟಿಗೆಯೊಳಗೆ ಇಡದೆ, ಕೈಗೆ ಸಿಗುವಂತೆ ಕಿಟಕಿಯ ಹಲಗೆಯ ಮೇಲಿಟ್ಟು, ಹೊರಗಿನ ಮಳೆಯ ಶ್ರುತಿಯಲ್ಲಿ ನುಡಿಸತೊಡಗಿದೆನು.